ಹನ್ನೊಂದನೇ ಪುಟದ ಏಳು ಸಾಲು

ಫೆಬ್ರವರಿ 20

ಮಾನ್ಯ ‘ಒಬ್ಬ ತೋಟಗಾರ’ ಅವರಿಗೆ,

ಪುಸ್ತಿಕೆಯ ಮೇಲೆ ನಿಮ್ಮ ಹೆಸರಿಲ್ಲ, ಈ ಎರಡು ಪದಗಳಷ್ಟೇ ಇವೆ. ಅದಕ್ಕೇ ಮುದ್ರಣಾಲಯದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹೆಸರು ಹಾಕಿಕೊಳ್ಳದೆ ಬರೆಯುವವರನ್ನು ನಾನು ಹೆಚ್ಚು ನಂಬುತ್ತೇನೆ.

ನಾನು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಜೇಬು ನೋಡುವವಳು. ಯಂತ್ರಕ್ಕೆ ಹಾಕುವ ಮೊದಲು ಪ್ರತಿ ಕೋಟಿನ, ಪ್ರತಿ ಪ್ಯಾಂಟಿನ ಜೇಬಿಗೆ ಕೈಹಾಕಿ ಪೆನ್ನು, ಬಾಚಣಿಗೆ, ಚೀಟಿ ತೆಗೆದಿಡಬೇಕು. ಯಾರೂ ಕೇಳಿಕೊಂಡು ಬಾರದ ಕಾಗದವನ್ನು ಮನೆಗೆ ಒಯ್ಯಬಹುದು. ಶಾಲೆ ಬಿಟ್ಟ ಮೇಲೆ ನಾನು ಓದಿದ್ದೆಲ್ಲ ಹೀಗೆ ಸಿಕ್ಕಿದ್ದೇ: ಕೆಲಸದ ಗಂಟೆಗಳ ಬಗ್ಗೆ, ಕುದಿಸಿದ ನೀರಿನ ಬಗ್ಗೆ, ಭೂಮಿ ಯಾರದು ಎನ್ನುವುದರ ಬಗ್ಗೆ. ನಮ್ಮ ಕಟ್ಟಡದಲ್ಲಿ ನನ್ನನ್ನು ‘ಕರಪತ್ರ’ ಎಂದು ಕರೆಯುತ್ತಾರೆ. ಗೇಲಿಗೆ ಇಟ್ಟ ಹೆಸರು. ನನಗೇನೂ ಬೇಸರವಿಲ್ಲ.

ನಿಮ್ಮ ‘ಚಂದ್ರನ ಲೆಕ್ಕದಲ್ಲಿ ಸಾಮೂಹಿಕ ತೋಟ’ ಒಂದು ಬೂದು ಕೋಟಿನ ಒಳಜೇಬಿನಲ್ಲಿತ್ತು. ‘ಗಡಿಯಾರ ಮಾಲೀಕನದು, ಚಂದ್ರ ಎಲ್ಲರದು’ ಎಂದು ಬರೆದಿದ್ದೀರಲ್ಲ, ಅದನ್ನು ಓದಿದ ದಿನ ನನಗೆ ಕೈ ಓಡಲಿಲ್ಲ. ಒಂದು ಪೆನ್ನು ಜೇಬಲ್ಲೇ ಉಳಿದು ಹನ್ನೆರಡು ಅಂಗಿ ನೀಲಿಯಾದವು. ಮೇಲ್ವಿಚಾರಕರ ಕೈಲಿ ಬೈಸಿಕೊಂಡೆ.

ನಮ್ಮ ಕಟ್ಟಡದಲ್ಲಿ ನಾಲ್ಕು ಮಹಡಿ, ಹದಿನಾರು ಮನೆ. ಹಿಂದೆ ಒಂದು ಅಂಗಳವಿದೆ. ಮುರಿದ ಮಂಚ, ಇಟ್ಟಿಗೆ ಚೂರು, ಒಡೆದ ತೊಟ್ಟಿ ತುಂಬಿಕೊಂಡು ಬಿದ್ದಿದೆ. ಅದನ್ನು ತೋಟಕ್ಕೆ ಕೊಡಿ ಎಂದು ವಸತಿ ಕಚೇರಿಗೆ ಅರ್ಜಿ ಹಾಕಿದ್ದೇನೆ. ಹದಿನಾರು ಮನೆಯವರದೂ ಸಹಿ ಇದೆ.

ಒಂದೇ ಪ್ರಶ್ನೆ. ಬೆಳೆಯುವ ಚಂದ್ರನಲ್ಲಿ ಸೊಪ್ಪು, ಕರಗುವ ಚಂದ್ರನಲ್ಲಿ ಗೆಡ್ಡೆ ಎನ್ನುವುದನ್ನು ಬೇರೆ ಕಡೆಯೂ ಓದಿದ್ದೆ. ಆದರೆ ಹನ್ನೊಂದನೇ ಪುಟದ ಕೊನೆಯಲ್ಲಿ ನೀವು ‘ಮೌನದ ದಿನಗಳು’ ಎಂದು ಬರೆದಿರುವುದು ಇನ್ನೆಲ್ಲೂ ಸಿಗಲಿಲ್ಲ. ಅಮಾವಾಸ್ಯೆಗೆ ಹಿಂದೆ ಮೂರು ದಿನ, ಮುಂದೆ ಮೂರು ದಿನ, ಸೇರಿ ಏಳು ದಿನ ಬೀಜ ಮುಟ್ಟಬಾರದು; ಮುಟ್ಟಿದರೆ ‘ಒಂದು ಬೀಜದ ತಪ್ಪನ್ನು ಇಡೀ ತೋಟ ತೆರುತ್ತದೆ.’ ಇದು ನಿಮ್ಮ ಸ್ವಂತ ಅನುಭವವೇ?

ನಿಮ್ಮ ಓದುಗರಲ್ಲೊಬ್ಬಳು,
ಕರಪತ್ರ

ಫೆಬ್ರವರಿ 27

ಪ್ರಿಯ ಓದುಗರೇ,

ನಿಮ್ಮ ಪತ್ರ ಕೈಸೇರಿತು. ಪುಸ್ತಿಕೆ ಅಚ್ಚಾಗಿ ಎರಡು ವರ್ಷವಾಯಿತು; ಯಾರೋ ಇಷ್ಟು ಗಮನವಿಟ್ಟು ಓದಿದ್ದಾರೆಂದು ತಿಳಿದು ಸಂತೋಷವಾಯಿತು.

ಮೌನದ ದಿನಗಳು ಅನುಭವದಿಂದಲೇ ಬಂದ ಮಾತು. ಮಣ್ಣಿಗೂ ಉಸಿರು ಬಿಟ್ಟುಕೊಳ್ಳಲು ಹೊತ್ತು ಬೇಕಲ್ಲವೇ? ಬೇರೆ ಪುಸ್ತಕಗಳಲ್ಲಿ ಇಲ್ಲವೆಂದರೆ ಅವರು ಅಷ್ಟು ತಾಳ್ಮೆಯಿಂದ ನೋಡಿಲ್ಲ ಎಂದಷ್ಟೇ ಅರ್ಥ. ಇದನ್ನು ಬರೆಯುವಾಗ ನನ್ನ ತೋಟದ ಬೀನ್ಸ್ ಬಳ್ಳಿ ಕಿಟಕಿಯ ಸರಳು ಹಿಡಿದು ಒಳಕ್ಕೆ ಇಣುಕುತ್ತಿದೆ.

ನಿಮ್ಮ ಅಂಗಳ ನಿಮಗೆ ಸಿಗಲಿ. ಸಿಕ್ಕರೆ ತಪ್ಪದೆ ಬರೆಯಿರಿ.

ಒಬ್ಬ ತೋಟಗಾರ

ಮಾರ್ಚ್ 8

ಮೇಷ್ಟ್ರೇ,

ಹೀಗೆ ಕರೆಯಬಹುದಲ್ಲವೇ? ಕಟ್ಟಡದವರೆಲ್ಲ ಈಗ ನಿಮ್ಮನ್ನು ಹೀಗೇ ಕರೆಯುತ್ತಿದ್ದಾರೆ. ನಿಮ್ಮ ಪತ್ರವನ್ನು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದೆ. ಬೀನ್ಸ್ ಬಳ್ಳಿಯ ಮಾತನ್ನು ಎರಡು ಸಲ ಓದಿಸಿದರು.

ಅಂಗಳ ಸಿಕ್ಕಿತು. ಆದರೆ ಷರತ್ತಿನ ಮೇಲೆ. ಈ ತಿಂಗಳ 26ಕ್ಕೆ ವಸತಿ ಕಚೇರಿಯ ಅಧಿಕಾರಿ ಬಂದು ನೋಡುತ್ತಾರೆ. ಮಣ್ಣಿನಲ್ಲಿ ಏನಾದರೂ ಮೊಳೆತಿದ್ದರೆ ಜಾಗ ನಮ್ಮದು. ಇಲ್ಲದಿದ್ದರೆ ಸಿಮೆಂಟ್ ಹಾಕಿಸಿ ವಾಹನ ನಿಲ್ಲಿಸಲು ಕೊಡುತ್ತಾರೆ.

ಈಗ ಇಕ್ಕಟ್ಟನ್ನು ಕೇಳಿ. ಇಟ್ಟಿಗೆ, ಗಾಜು ಹೊತ್ತು ಹಾಕಿ ನೆಲ ಹದ ಮಾಡುವಷ್ಟರಲ್ಲಿ 16ರ ಸಂಜೆಯಾಗುತ್ತದೆ. ಅಮಾವಾಸ್ಯೆ 20ಕ್ಕೆ. ಅಂದರೆ 17ರಿಂದ 23ರವರೆಗೆ ಮೌನದ ದಿನಗಳು. 24ಕ್ಕೆ ಬಿತ್ತಿದರೆ 26ಕ್ಕೆ ಏನೂ ಕಾಣುವುದಿಲ್ಲ.

ಪುಸ್ತಿಕೆಯ ಪ್ರಕಾರವೇ ನಡೆಯಬೇಕು ಎಂದು ಸಭೆಯಲ್ಲಿ ಕೈ ಎತ್ತಿ ನಿರ್ಣಯ ಮಾಡಿದ್ದೇವೆ. ನಾನೇ ಮಂಡಿಸಿದ್ದು. ಒಬ್ಬೊಬ್ಬರು ಒಂದೊಂದು ದಿನ ಬಿತ್ತಿದರೆ ಅದು ಹದಿನಾರು ಕುಂಡ, ಒಂದು ತೋಟವಲ್ಲ. ಸಾಮಾನಿನ ಕೋಣೆಯ ಕೀಲಿ ನನ್ನ ಕೊರಳಲ್ಲಿದೆ. ಎದುರು ಮಾತಾಡಿದ್ದು ಒಬ್ಬರೇ, ಮೂರನೇ ಮಹಡಿಯ ಮುದುಕಿ. ಸಿದ್ಧ ಉಡುಪಿನವರಿಗೆ ಅಂಗಿಯ ಗುಂಡಿ ಹೊಲಿದು ಕೊಡುವವಳು. “ಮಣ್ಣು ಬೆಚ್ಚಗಿದ್ಯಾ ನೋಡು, ಒದ್ದೆ ಇದ್ಯಾ ನೋಡು, ಹಾಕು. ಚಂದ್ರನ ಮುಖ ನೋಡ್ಕೊಂಡು ಕೂರೋಕೆ ಅವನೇನು ನಿಮ್ಮ ಭಾವನಾ?” ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗುವಿನಿಂದಲೇ ಅರ್ಧ ಚಳವಳಿಗಳು ಸತ್ತಿವೆ.

ನಾನು ನನ್ನ ಅಜ್ಜಿಯ ಜೊತೆ ಒಂದೇ ಕೋಣೆಯಲ್ಲಿರುತ್ತೇನೆ. ಮನೆಯಲ್ಲಿ ನನಗೆ ಬೆಂಬಲವಿದೆ.

ಮೇಷ್ಟ್ರೇ, ಅಗತ್ಯ ಬಿದ್ದಾಗ ಮೌನದ ದಿನಗಳಲ್ಲಿ ಬಿತ್ತಬಹುದೇ? ಒಂದು ಸಾಲು ಬರೆದರೆ ಸಾಕು. ನೀವು ಬಿತ್ತಿ ಎಂದರೆ ಆ ಕ್ಷಣವೇ ಕೀಲಿ ತೆಗೆಯುತ್ತೇನೆ.

ಕರಪತ್ರ

ಮಾರ್ಚ್ 15

ಮಗಳೇ,

ನಿನ್ನ ಪತ್ರ ನಿನ್ನೆ ಬಂತು. ಮೇಷ್ಟ್ರು ಎಂದು ಕರೆದಿದ್ದೀಯ, ನಾನೂ ಹಿರಿಯನೆಂಬ ಸಲಿಗೆಯಿಂದ ಬರೆಯುತ್ತೇನೆ.

ನೀನು ಕೇಳಿದ್ದು ಕಷ್ಟದ ಪ್ರಶ್ನೆ. ನಿಯಮವನ್ನು ಪರೀಕ್ಷಿಸುವುದು ಸುಲಭದ ದಿನಗಳಲ್ಲ, ಇಂಥ ದಿನಗಳೇ. ಹದಿನಾರು ಮನೆಯವರು ಕೂಡಿ ಒಂದು ಮಾತಿಗೆ ಬದ್ಧರಾಗಿದ್ದೀರಿ, ಅದು ಸಣ್ಣದಲ್ಲ. ದೂರದಲ್ಲಿ ಕುಳಿತು ಅದನ್ನು ಮುರಿ ಎನ್ನಲು ನನಗೆ ಬಾಯಿ ಬಾರದು. ಅಧಿಕಾರಿಗಳೂ ಮನುಷ್ಯರೇ. ಹದ ಮಾಡಿದ ಮಣ್ಣನ್ನು ನೋಡಿದರೆ ಅವರಿಗೆ ಅರ್ಥವಾದೀತು.

ನಿನ್ನ ಮನಸ್ಸಾಕ್ಷಿಗೆ ಸರಿ ಕಂಡದ್ದನ್ನು ಮಾಡು. ನನ್ನ ಬಳ್ಳಿಯಲ್ಲಿ ಮೊದಲ ಹೂವು ಬಿಟ್ಟಿದೆ.

ಒಬ್ಬ ತೋಟಗಾರ

ಮಾರ್ಚ್ 22

ಮೇಷ್ಟ್ರೇ,

ನಿಮ್ಮ ಪತ್ರ ನಿನ್ನೆ ಸಿಕ್ಕಿತು. ಸರಿಯಾದ ಹೊತ್ತಿಗೇ ಸಿಕ್ಕಿತು.

ನಡೆದದ್ದು ಹೀಗೆ. 16ರ ಸಂಜೆ ನೆಲ ಸಿದ್ಧವಾಯಿತು. ಗುದ್ದಲಿ, ಬಕೆಟ್ಟು, ಬೀಜದ ಪೊಟ್ಟಣ ಎಲ್ಲವನ್ನೂ ಒಳಗಿಟ್ಟು ಬೀಗ ಹಾಕಿದೆ. ಬರಿ ನೆಲವನ್ನು ನೋಡಿಕೊಂಡು ದಿನ ಎಣಿಸುವುದು ನನಗೆ ಸುಲಭವಾಗಿತ್ತು ಎಂದುಕೊಳ್ಳಬೇಡಿ. ಕೆಲಸದಿಂದ ಬಂದು ಅಂಗಳಕ್ಕೆ ಇಳಿಯುತ್ತಿದ್ದೆ, ಕೈ ಕಟ್ಟಿಕೊಂಡು ನಿಲ್ಲುತ್ತಿದ್ದೆ, ಹತ್ತುತ್ತಿದ್ದೆ. ನಿನ್ನೆ ಬೆಳಗ್ಗೆ ನೋಡಿದರೆ ಗೋಡೆಯ ಬುಡದಲ್ಲಿ ಎರಡು ಮಾರುದ್ದಕ್ಕೆ ಹಸಿರು. ಮೂಲಂಗಿ. ಎರಡೆರಡು ಎಲೆ ಬಿಚ್ಚಿಕೊಂಡು ನಿಂತಿತ್ತು.

ಬಿತ್ತಿದ್ದು ಆ ಗುಂಡಿ ಹೊಲಿಯುವ ಮುದುಕಿ. ಮುಚ್ಚುಮರೆಯೂ ಇಲ್ಲ. 17ರ ಬೆಳಗ್ಗೆ ತನ್ನದೇ ಬೀಜ ತಂದು, ಬಡಿಸುವ ಚಮಚದಲ್ಲಿ ನೆಲ ಗೀರಿ ಹಾಕಿದೆ ಎಂದು ತಾನೇ ಹೇಳಿದಳು.

ಸಂಜೆ ಮೆಟ್ಟಿಲ ಮೇಲೆ ಸಭೆ. ನಲ್ಲಿ ರಿಪೇರಿಯವರು, ಎಲ್ಲರೂ ಅವರನ್ನು ನಲ್ಲಿ ಮಾವ ಎನ್ನುವುದು, “ಬಿಡು ಕರಪತ್ರ, ನಾಲ್ಕು ಎಲೆ ತಾನೇ, ಸಾಹೇಬ್ರಿಗೆ ತೋರ್ಸೋಕಾದ್ರೂ ಆಗುತ್ತೆ” ಎಂದರು. ಹಲವರು ತಲೆಯಾಡಿಸಿದರು. ಆಗ ನಾನು ನಿಮ್ಮ ಪತ್ರ ಓದಿದೆ. ‘ನಿಯಮವನ್ನು ಪರೀಕ್ಷಿಸುವುದು ಸುಲಭದ ದಿನಗಳಲ್ಲ’ ಎಂಬಲ್ಲಿಗೆ ಬಂದಾಗ ತಲೆಯಾಡಿಸಿದವರೂ ತಲೆ ತಗ್ಗಿಸಿದರು. ಒಬ್ಬರ ಕಳ್ಳ ಬಿತ್ತನೆಯನ್ನು ತೋರಿಸಿ ಜಾಗ ಉಳಿಸಿಕೊಂಡರೆ ಆ ಜಾಗ ಯಾರದಾಯಿತು ಎಂದು ಕೇಳಿದೆ. ಕೈ ಎತ್ತಿದರು. ಹನ್ನೊಂದು ಮನೆ ಕೀಳಬೇಕೆಂದಿತು.

ಇವತ್ತು ಬೆಳಗ್ಗೆ ನಾನೇ ಕಿತ್ತೆ. ಬೇರೆಯವರ ಕೈಲಿ ಕೀಳಿಸುವುದು ಹೇಡಿತನ. ನಲವತ್ತೊಂದು ಸಸಿ. ಮುದುಕಿ ಗೋಡೆಗೆ ಒರಗಿ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಇಷ್ಟೇ ಅಂದಳು: “ಬೇರಿಗಂಟಿದ ಮಣ್ಣು ಒದರು. ಮಣ್ಣೇನು ತಪ್ಪು ಮಾಡಿತ್ತು.”

ನನ್ನ ಕೈ ನಡುಗಲಿಲ್ಲ. ನಿಮಗೆ ಇದನ್ನು ತಿಳಿಸಬೇಕೆನ್ನಿಸಿತು.

ಕರಪತ್ರ

ಮಾರ್ಚ್ 27

ಮೇಷ್ಟ್ರೇ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನಿನ್ನೆ ಅಧಿಕಾರಿ ಬಂದಿದ್ದರು. 24ಕ್ಕೆ ಹದಿನಾರು ಮನೆಯವರೂ ಕೂಡಿ ಬಿತ್ತಿದ್ದೆವು. ಹಗ್ಗ ಹಿಡಿದು ಹಾಕಿದ ನೇರ ಸಾಲುಗಳು. ಅವರು ಬೂಟಿನ ತುದಿಯಲ್ಲಿ ಮಣ್ಣು ಕೆದಕಿ ನೋಡಿದರು. “ಅಂಗಳ ಚೆನ್ನಾಗಿ ಗುಡ್ಸಿದೀರಿ. ತೋಟ ಎಲ್ಲಿ?” ಎಂದರು. ಮೌನದ ದಿನಗಳ ಬಗ್ಗೆ ನಾನು ವಿವರಿಸಿದೆ. ಪುಸ್ತಿಕೆ ತೋರಿಸಿದೆ. ಅವರು ಪುಟ ತಿರುವಿ, ಬೇಸರವಿಲ್ಲದೆ, ಮರಳಿ ಕೊಟ್ಟರು. ಅವರಿಗೆ ಬೇಸರವಾಗಿದ್ದರೂ ಎಷ್ಟೋ ಸಮಾಧಾನವಿರುತ್ತಿತ್ತು. ಹೋಗುವಾಗ ಗೋಡೆಯ ಬುಡದಲ್ಲಿ ಒಂದು ಪಟ್ಟಿ ಬಿಟ್ಟು ಉಳಿದದ್ದಕ್ಕೆಲ್ಲ ಸುಣ್ಣದ ಗೆರೆ ಎಳೆಸಿದರು. ಇವತ್ತು ಜಲ್ಲಿ ಬಂದು ಬಿದ್ದಿದೆ. ನಮ್ಮ ಬೀಜದ ಮೇಲೆಯೇ ಸುರಿದಿದ್ದಾರೆ.

ಎಲ್ಲರೂ ನನ್ನನ್ನು ದೂರುತ್ತಾರೆ ಎಂದುಕೊಂಡು ಸಿದ್ಧವಾಗಿಯೇ ಇಳಿದೆ. ಯಾರೂ ದೂರಲಿಲ್ಲ. ನಲ್ಲಿ ಮಾವ ನಿಮ್ಮ ಪುಸ್ತಿಕೆ ಕೇಳಿ ಇಸಕೊಂಡು, ಹನ್ನೊಂದನೇ ಪುಟ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು: ‘ಒಂದು ಬೀಜದ ತಪ್ಪನ್ನು ಇಡೀ ತೋಟ ತೆರುತ್ತದೆ.’ ಆಮೇಲೆ ಎಲ್ಲರೂ ಮೂರನೇ ಮಹಡಿಯ ಕಿಟಕಿಯ ಕಡೆ ನೋಡಿದರು.

ಈಗ ಮುದುಕಿ ನೀರಿಗೆ ಹೋದರೆ ಸಾಲಿನಲ್ಲಿ ಅವಳ ಹಿಂದೆ ಯಾರೂ ನಿಲ್ಲುವುದಿಲ್ಲ. ಗುಂಡಿ ಕಿತ್ತ ಅಂಗಿ ತರುತ್ತಿದ್ದ ನೆರೆಯವರು ತರುವುದಿಲ್ಲ. ಅಂಗಳದ ಬಾಗಿಲಲ್ಲಿ ಅವಳನ್ನು ತಡೆದು, ಒಳಗೆ ಬರಬೇಡಿ ಅಮ್ಮ ಎಂದು ಮರ್ಯಾದೆಯಿಂದಲೇ ಹೇಳಿದ್ದಾರೆ.

ಮೇಷ್ಟ್ರೇ, ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಮುದುಕಿ ನನ್ನ ಅಜ್ಜಿ. ನನ್ನನ್ನು ಸಾಕಿದವಳು. ಮೂರನೇ ಮಹಡಿಯ ಆ ಕಿಟಕಿ ನಮ್ಮ ಕೋಣೆಯದೇ. ಮನೆಯಲ್ಲಿ ಬೆಂಬಲವಿದೆ ಎಂದು ಬರೆದಿದ್ದೆ. ಮೊಮ್ಮಗಳಿಗೇ ಒಪ್ಪಿಸಲಾರದವಳು ಊರಿಗೆ ಏನು ಒಪ್ಪಿಸಿಯಾಳು ಎಂದು ನೀವು ಅಂದುಕೊಂಡೀರೆಂಬ ನಾಚಿಕೆ.

22ರಿಂದ ಅಜ್ಜಿ ನನ್ನ ಜೊತೆ ಮಾತಾಡಿಲ್ಲ. ಮುನಿಸಿನ ಸದ್ದೂ ಇಲ್ಲ. ತಟ್ಟೆ ಮುಂದಿಡುತ್ತಾಳೆ. ಹಾಸಿಗೆ ಹಾಸುತ್ತಾಳೆ. ಕೋಣೆ ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ನಾನು ಓದುವ ದೀಪದಲ್ಲೇ ಅವಳು ಸೂಜಿ ಪೋಣಿಸಬೇಕು. ಕೈಗೆ ಕೈ ತಾಗದೆ ಇಬ್ಬರೂ ಆ ಬೆಳಕನ್ನು ಹಂಚಿಕೊಳ್ಳುವುದನ್ನು ಕಲಿತಿದ್ದೇವೆ.

ನಿಯಮ ನಿಜವಾಗಿದ್ದರೆ ಅಜ್ಜಿ ತಪ್ಪಿತಸ್ಥೆ. ನಿಜವಲ್ಲದಿದ್ದರೆ ನಾನು. ಮೂರನೆಯ ದಾರಿ ಇದ್ದರೆ ಬರೆಯಿರಿ.

ಅಧಿಕಾರಿ ಗೋಡೆಯ ಬುಡದಲ್ಲಿ ಬಿಟ್ಟುಕೊಟ್ಟ ಪಟ್ಟಿ ಯಾವುದು ಗೊತ್ತೇ? ಮೂಲಂಗಿ ಇದ್ದದ್ದು ಅಲ್ಲಿಯೇ.

ಕರಪತ್ರ

ಏಪ್ರಿಲ್ 4

ಅಮ್ಮಾ,

ಮೂರನೆಯ ದಾರಿ ಇದೆ. ತಪ್ಪಿತಸ್ಥ ನಾನು.

ನನಗೆ ತೋಟವಿಲ್ಲ. ಎಂದೂ ಇರಲಿಲ್ಲ. ನಾನು ಈ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷದಿಂದ ಅಚ್ಚುಮೊಳೆ ಜೋಡಿಸುವವನು. ತಮ್ಮನ ಮನೆಯಲ್ಲಿ, ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಮಲಗುತ್ತೇನೆ. ನನ್ನ ಕಿಟಕಿಗೆ ಸರಳಿದೆ, ಆದರೆ ಅದರಾಚೆ ಪಕ್ಕದ ಮನೆಯ ಗೋಡೆ. ಬಿಸಿಲು ಬರುವುದಿಲ್ಲ. ಬೀನ್ಸ್ ಬಳ್ಳಿಯನ್ನು ನಾನು ಬೆಳೆಸಿದ್ದು ನಿನಗೆ ಬರೆದ ಕಾಗದದಲ್ಲಿ ಮಾತ್ರ.

ಪುಸ್ತಿಕೆಯ ಬಹುಪಾಲು ಹಳೆಯ ಪುಸ್ತಕಗಳಿಂದ ಹೆಕ್ಕಿದ್ದು. ಗಡಿಯಾರದ ವಾಕ್ಯ ಮಾತ್ರ ನನ್ನದೇ; ಅದನ್ನು ಈಗಲೂ ನಂಬುತ್ತೇನೆ. ಕಾಗದ ಮಡಿಸಿದರೆ ಹದಿನಾರು ಪುಟ ಬರುತ್ತದೆ, ಹದಿನಾರೂ ತುಂಬಬೇಕು. ಹನ್ನೊಂದನೇ ಪುಟದ ಕೆಳಗೆ ಏಳು ಸಾಲು ಖಾಲಿ ಉಳಿಯಿತು. ಯಂತ್ರ ಕಾಯ್ತಿದೆ ಎಂದು ಮಾಲೀಕರು ಬಾಗಿಲಲ್ಲಿ ನಿಂತಿದ್ದರು. ಬರೆದುಕೊಳ್ಳಲೂ ಹೊತ್ತಿಲ್ಲದೆ ಮೊಳೆಗಳನ್ನೇ ನೇರವಾಗಿ ಜೋಡಿಸಿದೆ. ಏಳು ಸಾಲಿಗೆ ಏಳು ದಿನ. ಒಂಬತ್ತು ಸಾಲು ಉಳಿದಿದ್ದರೆ ಒಂಬತ್ತು ದಿನ ಮಾಡುತ್ತಿದ್ದೆನೋ ಏನೋ. ಕೊನೆಯ ಸಾಲು ಗಂಭೀರವಾಗಿರಲೆಂದು ‘ಇಡೀ ತೋಟ ತೆರುತ್ತದೆ’ ಎಂದು ಹಾಕಿದೆ.

ಮಾರ್ಚ್ 8ರ ನಿನ್ನ ಪತ್ರಕ್ಕೆ ಉತ್ತರವಾಗಿ ಮೊದಲು ಒಂದು ಕಾರ್ಡು ಬರೆದೆ: ‘ಬಿತ್ತಿ. ಕಾಯಬೇಡಿ.’ ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಚೆಪೆಟ್ಟಿಗೆಯವರೆಗೆ ಹೋದೆ. ಬಿತ್ತಿ ಎಂದರೆ ಏಕೆ ಎಂದು ನೀನು ಕೇಳುತ್ತಿದ್ದೆ. ನೀನು ಕೇಳದೆ ಬಿಡುವವಳಲ್ಲ. ಆಮೇಲೆ ನೀನು ನನಗೆ ಬರೆಯುತ್ತಿರಲಿಲ್ಲ. ಈ ಮನೆಯಲ್ಲಿ ನನಗೆಂದು ಪತ್ರ ಬಂದದ್ದು ನಿನ್ನದೇ ಮೊದಲು. ಮಾಲೀಕರು ಕೊಟ್ಟ ಲಕೋಟೆಯನ್ನು ಮನೆಗೆ ತಂದಾಗ ತಮ್ಮನ ಹೆಂಡತಿ ಕೈ ಒರೆಸಿಕೊಂಡು ತಿರುಗಿಸಿ ನೋಡಿ, “ಭಾವನವರಿಗೂ ಬರೆಯೋರಿದಾರೆ” ಎಂದಿದ್ದಳು. ಇಷ್ಟಕ್ಕಾಗಿ ಆ ಕಾರ್ಡು ಹಾಕಲಿಲ್ಲ. ನಿನ್ನ ಮನಸ್ಸಾಕ್ಷಿಯ ಮೇಲೆ ಹೊರೆ ಹಾಕಿ ಕೈ ತೊಳೆದುಕೊಂಡೆ.

ಎರಡನೇ ಮುದ್ರಣ ಹೊರಡುವುದರಲ್ಲಿದೆ. ಆ ಏಳು ಸಾಲು ತೆಗೆಯೋಣ ಎಂದೆ. “ತೆಗ್ದ ಜಾಗಕ್ಕೆ ಏನ್ ತುಂಬ್ತೀಯ?” ಎಂದರು ಮಾಲೀಕರು.

ಈ ಪತ್ರವನ್ನು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಓದು. ಒಂದಕ್ಷರ ಬಿಡಬೇಡ. ನಿನ್ನ ಅಜ್ಜಿ ಬೀಜ ಹಾಕಿದ್ದು ಸರಿಯಾದ ದಿನವೇ.

ತೋಟಗಾರನಲ್ಲದವನು

ಏಪ್ರಿಲ್ 18

ತೋಟಗಾರರಲ್ಲದ ಮೇಷ್ಟ್ರಿಗೆ,

ನಿಮ್ಮ ಪತ್ರ 10ಕ್ಕೆ ಬಂತು. ಮೊದಲ ದಿನ ಯಾರಿಗೂ ಓದಿ ಹೇಳಲಿಲ್ಲ. ನಾನೂ ಅದನ್ನು ಜೇಬಿನಲ್ಲಿಟ್ಟುಕೊಂಡು ಒಂದು ದಿನ ಓಡಾಡಿದೆ. ಆದ್ದರಿಂದ ನಿಮ್ಮ ಕಾರ್ಡಿನ ಬಗ್ಗೆ ನಾನು ಏನೂ ಹೇಳಲಾರೆ.

ಮರುದಿನ ಎಲ್ಲರನ್ನೂ ಕರೆದು, ಮೆಟ್ಟಿಲ ಮೇಲೆ ನಿಂತು ಓದಿದೆ. ಒಂದಕ್ಷರ ಬಿಡಲಿಲ್ಲ. ಅಜ್ಜಿ ಮೇಲಿನ ಮಹಡಿಯ ಕಂಬಿ ಹಿಡಿದು ನಿಂತಿದ್ದಳು. ಓದಿ ಮುಗಿಸಿದ ಮೇಲೆ, ನಾನು ಕಿತ್ತದ್ದು ತಪ್ಪು, ಅಜ್ಜಿಯ ಸಾಲು ಇದ್ದಿದ್ದರೆ ಜಾಗ ಉಳಿಯುತ್ತಿತ್ತು ಎಂದು ಹೇಳಿದೆ.

ಆಮೇಲೆ ನಲ್ಲಿ ಮಾವ ಕಣ್ಣೊರೆಸಿಕೊಂಡರು.

“ಎಂಥಾ ದೊಡ್ಡ ಮನುಷ್ಯರು ನೋಡಿ” ಎಂದರು. “ಒಬ್ಬ ಮುದುಕಿ ಬೇಜಾರು ಮಾಡ್ಕೋಬಾರ್ದು ಅಂತ ತಪ್ಪನ್ನೆಲ್ಲ ತಮ್ಮ ತಲೆ ಮೇಲೆ ಹಾಕ್ಕೊಂಡಿದಾರೆ.”

ಎಲ್ಲರೂ ಹೌದು ಹೌದು ಎಂದರು. ಹಾಗಲ್ಲ ಎಂದೆ. ಅಚ್ಚುಮೊಳೆ, ಕಾಗದದ ಮಡಿಕೆ, ಏಳು ಸಾಲು ಎಲ್ಲವನ್ನೂ ಬಿಡಿಸಿ ಹೇಳಿದೆ. ತೋಟವಿಲ್ಲದವರಿಗೆ ಬಳ್ಳಿ ಸರಳು ಹಿಡಿಯುತ್ತದೆಂದು ಹೇಗೆ ಗೊತ್ತಾಗುತ್ತೆ ಎಂದು ಕೆಳಗಿನ ಮನೆಯಾಕೆ ಕೇಳಿದರು. ನಾನು ಗಂಟಲು ಹರಿದುಕೊಂಡಷ್ಟೂ ನೀವು ದೊಡ್ಡವರಾಗುತ್ತ ಹೋದಿರಿ. ಅವರನ್ನು ನಂಬಿಸಿದವಳು ನಾನೇ, ಮೇಷ್ಟ್ರೇ. ಅಷ್ಟು ಚೆನ್ನಾಗಿ ನಂಬಿಸಿದ್ದೆ.

ಈಗ ನಿಮ್ಮ ಪತ್ರವನ್ನು ಸಾಮಾನಿನ ಕೋಣೆಯ ಬಾಗಿಲಿಗೆ ಗಾಜು ಹಾಕಿಸಿ ಬಡಿದಿದ್ದಾರೆ. ಕೀಲಿ ನಲ್ಲಿ ಮಾವನ ಹತ್ತಿರವಿದೆ. ಅಜ್ಜಿ ಇರುವ ಕೋಣೆಯಲ್ಲಿ ಕೀಲಿ ಇರಬಾರದೆಂದು ಕೈ ಎತ್ತಿ ತೀರ್ಮಾನಿಸಿದರು. ಮೌನದ ದಿನಗಳನ್ನು ಏಳರಿಂದ ಒಂಬತ್ತಕ್ಕೆ ಏರಿಸಿದ್ದಾರೆ. ನೀವು ಪತ್ರದಲ್ಲಿ ಒಂಬತ್ತು ಎಂದಿದ್ದೀರಲ್ಲ, ಅದು ಸೂಚನೆಯಂತೆ. ಈ ತಿಂಗಳು 14ರಿಂದ 22. ಅಷ್ಟು ದಿನ ನಾವಿಬ್ಬರೂ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಮನೆ ಬಿಡೋಣವೆಂದರೆ ವಸತಿ ಕಚೇರಿ ಬೇರೆ ಕೋಣೆ ಕೊಡುವುದಿಲ್ಲ. ಕಿಟಕಿಯಲ್ಲಿ ನಿಂತರೆ ಒಂದು ಕಡೆ ಸಿಮೆಂಟು, ಒಂದು ಕಡೆ ಆ ಪಟ್ಟಿ. ಪಟ್ಟಿಯಲ್ಲಿ ಏನೂ ಇಲ್ಲ. ಕಾಯುತ್ತಿದ್ದಾರೆ.

ಆ ದಿನ ಸಭೆ ಮುಗಿಸಿ ಕೋಣೆಗೆ ಬಂದು ಮುಖ ಮುಚ್ಚಿಕೊಂಡು ಕುಳಿತಿದ್ದೆ. ಅಜ್ಜಿ ಗುಂಡಿಯ ಡಬ್ಬಿ ತೆಗೆದು ಗುಂಡಿಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದಳು. ಡಬ್ಬಿಯ ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದಳು. ಇಪ್ಪತ್ತು ದಿನದ ಮೇಲೆ ಮೊದಲ ಮಾತು: “ಜೇಬಿಗೆ ಕೈ ಹಾಕೋದು ನಿನ್ನ ಕಸುಬಲ್ವಾ. ಮಣ್ಣು ತಾ.”

ಮಣ್ಣು ತಂದೆ. ಕಾರ್ಖಾನೆಯಿಂದ ಬರುವ ದಾರಿಯಲ್ಲಿ ರಸ್ತೆ ಬದಿಯ ಮರದ ಬುಡದಿಂದ, ದಿನಕ್ಕೆ ಎರಡು ಜೇಬು. ಮೆಟ್ಟಿಲಲ್ಲಿ ನಲ್ಲಿ ಮಾವ ಎದುರಾದರೆ ಕೈಗಳನ್ನು ಜೇಬಿನೊಳಗೇ ಇಟ್ಟುಕೊಂಡು ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದೆ. 14ರ ಬೆಳಗ್ಗೆ ಅಜ್ಜಿಯೇ ನನ್ನ ಕೈಲಿ ಬಿತ್ತಿಸಿದಳು. ಬೇಕೆಂದೇ ಆ ದಿನ. ನಾನು ತೋಟದ ಬಗ್ಗೆ ಇಷ್ಟೆಲ್ಲ ಓದಿ, ಇಷ್ಟೆಲ್ಲ ಮಾತಾಡಿ, ಒಂಟಿಯಾಗಿ ಒಂದು ಬೀಜವನ್ನು ಬೆರಳಿನಿಂದ ಮಣ್ಣಿಗೆ ಒತ್ತಿದ್ದು ಅದೇ ಮೊದಲು. ಎಷ್ಟು ಆಳ ಎಂದು ಕೇಳಿದೆ. “ಉಗುರು ಮುಳುಗೋಷ್ಟು. ಬಾವಿ ತೋಡ್ಬೇಡ” ಎಂದಳು.

ಇದರ ಜೊತೆ ಮಡಿಸಿದ ಒಂದು ಚೀಟಿಯಲ್ಲಿ ಐದು ಬೀಜ ಇಟ್ಟಿದ್ದೇನೆ. ಅಜ್ಜಿಯವು. ಬಿಸಿಲು ಬಾರದ ಕಿಟಕಿಯಲ್ಲಿ ಬೆಳೆದೀತೇ ಎಂದು ಕೇಳಿದೆ. ಸಣಕಲಾಗಿ ಬರುತ್ತದೆ, ಆದರೂ ಹಾಕಲು ಹೇಳು ಎಂದಳು. ಬಿತ್ತಿ ಮೇಷ್ಟ್ರೇ, ಕಾಯಬೇಡಿ. ಏನಾಯಿತೆಂದು ಬರೆಯಿರಿ. ಏನೂ ಬಾರದಿದ್ದರೆ ಏನೂ ಬರಲಿಲ್ಲ ಎಂದೇ ಬರೆಯಿರಿ, ನನಗೆ ಅದು ಸಾಕು.

ಇವತ್ತು ಅಮಾವಾಸ್ಯೆ. ಡಬ್ಬಿಯಲ್ಲಿ ಆರು ಮೊಳಕೆ ಒಡೆದಿವೆ.

ಬಾಗಿಲು ತಟ್ಟುತ್ತಿದ್ದಾರೆ. ಅಜ್ಜಿ ಆಗಲೇ ಅಂಗಿ ಎತ್ತಿಕೊಂಡಳು. ಗುಂಡಿ ಹೊಲಿಯಬೇಕಾದ ಅಂಗಿಗಳನ್ನು ಡಬ್ಬಿಯ ಮೇಲೆ ಹೊದಿಸುತ್ತೇವೆ, ಬಂದವರು ಹೋಗುವವರೆಗೆ.

ಕರಪತ್ರ